ಮನೆಯವರಿಗೆಲ್ಲ ಒಂದೇ ಇಮೇಲ್ ವಿಳಾಸ: 16 ದಿನಗಳ ಕೆಲಸದ ದಾಖಲೆ

ವಾಹನದ ವಿಮೆಯನ್ನು ನವೀಕರಿಸಬೇಕೆಂಬ ಸೂಚನೆಯೊಂದು ನನ್ನ ಪತ್ನಿಯ ಹಳೆಯ ಇನ್‌ಬಾಕ್ಸಿನಲ್ಲಿ 19 ದಿನ ಯಾರ ಕಣ್ಣಿಗೂ ಬೀಳದೆ ಉಳಿದು, ವಿಮೆಯ ಅವಧಿ ಮುಗಿದ ಮರುದಿನ ಬೆಳಿಗ್ಗೆ ಸಿಕ್ಕಿತು. ಕಳುಹಿಸಿದವರ ತಪ್ಪೇನೂ ಇರಲಿಲ್ಲ. ವರ್ಷಗಳ ಹಿಂದೆ ಅರ್ಜಿ ತುಂಬುವಾಗ ಆ ಕ್ಷಣಕ್ಕೆ ನೆನಪಾದ ವಿಳಾಸವನ್ನು ನಾವೇ ಕೊಟ್ಟಿದ್ದೆವು. ಮನೆಗೆ ಸಂಬಂಧಿಸಿದ ಪತ್ರಗಳೆಲ್ಲ ಹೀಗೆ ನಾಲ್ವರ ಐದು ಇನ್‌ಬಾಕ್ಸುಗಳಲ್ಲಿ ಚದುರಿಹೋಗಿರುವುದು ಆಗ ಗಮನಕ್ಕೆ ಬಂತು. ಎಲ್ಲವೂ ಬಂದು ಸೇರುವ ಒಂದು ವಿಳಾಸ, ಅಲ್ಲಿಂದ ಆಯಾ ಪತ್ರ ಆಯಾ ವ್ಯಕ್ತಿಗೆ ತಾನಾಗಿ ತಲುಪುವ ವ್ಯವಸ್ಥೆ, ಇಷ್ಟು ಒಂದು ಸಂಜೆಯ ಕೆಲಸವೆಂದು ಲೆಕ್ಕ ಹಾಕಿ ಕುಳಿತೆ.

ಬಳಸಿದ ಸಾಮಗ್ರಿ ಒಂದು ಲ್ಯಾಪ್‌ಟಾಪ್, ಎರಡು ಫೋನು ಮತ್ತು ಒಂದು ಗೆರೆ ಪುಸ್ತಕ. ಸೇವೆಗೆಂದು ಹಣ ಖರ್ಚಾಗಲಿಲ್ಲ. ಖರ್ಚಾದದ್ದು ಒಟ್ಟು 14 ಗಂಟೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಅವಸರದ ಫಲ.

ದಿನ 1: ಖಾತೆ ತೆರೆದದ್ದು

ಸ್ವಂತ ಡೊಮೈನ್, ಅಂದರೆ ವಿಳಾಸದಲ್ಲಿ ಆಟ್ ಚಿಹ್ನೆಯ ನಂತರ ಬರುವ ಹೆಸರನ್ನು, ಕೊಳ್ಳುವ ಆಲೋಚನೆ ಮೊದಲು ಇತ್ತು. ಆದರೆ ಡೊಮೈನನ್ನು ಕಾಲಕಾಲಕ್ಕೆ ನವೀಕರಿಸಬೇಕು. ವಿಮೆಯ ನವೀಕರಣವನ್ನೇ ಮರೆತ ಮನೆಯವರು ಅದೊಂದನ್ನು ಮರೆಯುವುದಿಲ್ಲವೆಂಬ ಭರವಸೆ ನನಗಿರಲಿಲ್ಲ, ಮರೆತರೆ ಅದರಡಿಯ ವಿಳಾಸಗಳೆಲ್ಲ ಒಟ್ಟಿಗೆ ಕೈತಪ್ಪುತ್ತವೆ. ಹಾಗಾಗಿ ಜಿಮೇಲ್‌ನಲ್ಲಿ ಸಾಮಾನ್ಯ ಖಾತೆಯೊಂದನ್ನೇ ತೆರೆದೆ. ಹೆಸರು ಆರಿಸುವಾಗ ಇಟ್ಟುಕೊಂಡ ಅಳತೆಗೋಲು ಒಂದೇ: ಫೋನಿನಲ್ಲಿ ಯಾರಿಗಾದರೂ ಒಮ್ಮೆ ಹೇಳಿದರೆ ಅವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಬೇಕು. ಅಂಕಿಗಳನ್ನೂ ಅಡಿಗೆರೆಗಳನ್ನೂ ಬಿಟ್ಟೆ. ನಡುವೆ ಒಂದು ಚುಕ್ಕಿಯನ್ನು ಸೇರಿಸಿದೆ, ಏಕೆಂದರೆ ಜಿಮೇಲ್ ವಿಳಾಸದೊಳಗಿನ ಚುಕ್ಕಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚುಕ್ಕಿ ಹಾಕಿ ಬರೆದರೂ ಬಿಟ್ಟು ಬರೆದರೂ ಪತ್ರ ಅದೇ ಪೆಟ್ಟಿಗೆಗೆ ಬರುತ್ತದೆ.

ಮೊದಲ ತಪ್ಪನ್ನು ಆ ರಾತ್ರಿಯೇ ಮಾಡಿದೆ. ಪಾಸ್‌ವರ್ಡನ್ನು ಮನೆಯ ಚಾಟ್ ಗುಂಪಿನಲ್ಲಿ ಹಾಕಿ, ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ಲಾಗಿನ್ ಆಗಿ ಎಂದೆ. ಒಂದೊಂದು ಲಾಗಿನ್‌ಗೂ "ಹೊಸ ಸಾಧನದಿಂದ ಪ್ರವೇಶ" ಎಂಬ ಎಚ್ಚರಿಕೆ ಬಂತು; ತಂಗಿ ತನ್ನ ಫೋನಿನಲ್ಲಿ ಪ್ರಯತ್ನಿಸಿದಾಗ ಅನುಮತಿ ಕೇಳುವ ಸಂದೇಶ ನನ್ನ ಫೋನಿಗೆ ಬಂತು, ನಾನು ಸ್ನಾನಕ್ಕೆ ಹೋಗಿದ್ದೆ, ಅವಳು ಮೂರು ಬಾರಿ ಸೋತು ಕೈಬಿಟ್ಟಳು. ಅದಕ್ಕಿಂತ ಮುಖ್ಯವಾಗಿ, ಎಲ್ಲ ಪತ್ರಗಳೂ ಬಂದು ಸೇರಲಿರುವ ಪೆಟ್ಟಿಗೆಯ ಬೀಗದ ಕೈಯನ್ನು ಚಾಟ್‌ನಲ್ಲಿ ನೇತುಹಾಕಿದ್ದೆ. ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿಸಿ, ಎರಡು ಹಂತದ ದೃಢೀಕರಣ ಹಾಕಿದೆ. ದೃಢೀಕರಣದ ಆ್ಯಪಿಗೆ ಬೇಕಾದ ಕ್ಯೂಆರ್ ಕೋಡ್ ಪರದೆಯ ಮೇಲಿರುವಾಗಲೇ ನನ್ನ ಫೋನಿನಿಂದಲೂ ಪತ್ನಿಯ ಫೋನಿನಿಂದಲೂ ಸ್ಕ್ಯಾನ್ ಮಾಡಿಕೊಂಡರೆ, 30 ಸೆಕೆಂಡಿಗೊಮ್ಮೆ ಬದಲಾಗುವ ಅದೇ ಆರಂಕಿಯ ಸಂಖ್ಯೆ ಎರಡೂ ಕಡೆ ಸಿಗುತ್ತದೆ. ಫೋನು ಕೈಯಲ್ಲಿಲ್ಲದಾಗ ಬಳಸುವ ಬ್ಯಾಕಪ್ ಕೋಡುಗಳು 10, ಒಂದೊಂದಕ್ಕೆ 8 ಅಂಕಿ, ಒಂದು ಕೋಡ್ ಒಂದೇ ಬಾರಿಗೆ. ಅವನ್ನು ಹಾಳೆಯಲ್ಲಿ ಬರೆದು ಮನೆಯ ಕಾಗದಪತ್ರಗಳ ಕಡತದಲ್ಲಿಟ್ಟೆವು. ಖಾತೆಯೊಳಗೆ ನೇರವಾಗಿ ಹೋಗುವವರು ನಾವಿಬ್ಬರೇ, ಉಳಿದಿಬ್ಬರಿಗೆ ಪತ್ರಗಳು ಫಾರ್ವರ್ಡ್ ಆಗಿ ಹೋಗುತ್ತವೆ ಎಂದು ನಿರ್ಧಾರವಾಯಿತು.

ದಿನ 2: ಫಾರ್ವರ್ಡ್ ವಿಳಾಸಗಳನ್ನು ಸೇರಿಸಿದ್ದು

ಈ ಕೆಲಸ ಫೋನಿನ ಆ್ಯಪಿನಲ್ಲಿ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು, ಫಾರ್ವರ್ಡಿಂಗ್ ಇರುವ ವಿಭಾಗಕ್ಕೆ ಹೋಗಿ ಒಂದೊಂದೇ ವಿಳಾಸವನ್ನು ಸೇರಿಸಬೇಕು. ಸೇರಿಸಿದ ಕೂಡಲೇ ಆ ವಿಳಾಸಕ್ಕೆ ಒಂದು ದೃಢೀಕರಣ ಪತ್ರ ಹೋಗುತ್ತದೆ, ಪಡೆದವರು ಅದರಲ್ಲಿನ ಕೊಂಡಿಯನ್ನು ಒತ್ತಿ ಒಪ್ಪಿಗೆ ಕೊಡಬೇಕು. ನನ್ನದು, ಪತ್ನಿಯದು, ತಂಗಿಯದು 10 ನಿಮಿಷದಲ್ಲಿ ಮುಗಿದವು. ತಂದೆಯವರಿಗೆ ಹೋದ ಪತ್ರ ಅವರ ಸ್ಪ್ಯಾಮ್ ಕಡತದಲ್ಲಿತ್ತು. ಅದನ್ನು ಫೋನಿನಲ್ಲಿ ಮಾತನಾಡುತ್ತಲೇ ಹುಡುಕಿಸಿ ಒತ್ತಿಸಲು 40 ನಿಮಿಷ ಹಿಡಿಯಿತು. ಗೊತ್ತಿಲ್ಲದ ಕೊಂಡಿಗಳನ್ನು ಒತ್ತಬಾರದೆಂದು ಅವರಿಗೆ ವರ್ಷಗಟ್ಟಲೆ ಪಾಠ ಹೇಳಿದವನು ನಾನೇ ಆದ್ದರಿಂದ ದೂರುವಂತಿರಲಿಲ್ಲ.

ಇಲ್ಲಿ ತಿಳಿದ ಸಂಗತಿಯೆಂದರೆ, ಬಂದ ಪತ್ರವನ್ನೆಲ್ಲ ಸಾರಾಸಗಟಾಗಿ ಫಾರ್ವರ್ಡ್ ಮಾಡುವ ಸೌಲಭ್ಯ ಒಂದು ವಿಳಾಸಕ್ಕಷ್ಟೇ ಸಿಗುತ್ತದೆ. ಹಲವರಿಗೆ ಕಳುಹಿಸಬೇಕಾದರೆ ಫಿಲ್ಟರುಗಳನ್ನು, ಅಂದರೆ ಇಂಥ ಷರತ್ತಿಗೆ ಹೊಂದಿದ ಪತ್ರವನ್ನು ಹೀಗೆ ಮಾಡು ಎನ್ನುವ ನಿಯಮಗಳನ್ನು, ಬರೆಯಬೇಕು, ಒಂದು ಫಿಲ್ಟರಿಗೆ ಒಂದೇ ಫಾರ್ವರ್ಡ್ ವಿಳಾಸ. ಒಂದೇ ಪತ್ರ ಇಬ್ಬರಿಗೆ ಹೋಗಬೇಕೆಂದರೆ ಅದೇ ಷರತ್ತಿನ ಎರಡು ಫಿಲ್ಟರುಗಳು ಬೇಕು. ಫಾರ್ವರ್ಡ್ ಆದ ಮೇಲೆ ಮೂಲ ಪ್ರತಿಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ "ಇನ್‌ಬಾಕ್ಸಿನಲ್ಲೇ ಇರಲಿ" ಎಂಬುದನ್ನು ಆರಿಸಿದೆ. ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿಯಾಗಿ ಮಾಡಿದ ಆಯ್ಕೆ ಇದೊಂದೇ.

ದಿನ 2, ರಾತ್ರಿ: ಪರೀಕ್ಷೆಯೇ ತಪ್ಪಾಗಿತ್ತು

ನನ್ನ ಸ್ವಂತ ಖಾತೆಯಿಂದ ಮನೆಯ ವಿಳಾಸಕ್ಕೆ "ಪರೀಕ್ಷೆ 1" ಎಂದು ಕಳುಹಿಸಿ, ಅದು ನನಗೇ ಮರಳಿ ಬರುವುದನ್ನು ಕಾದೆ. ಬರಲಿಲ್ಲ. ಫಿಲ್ಟರನ್ನು ಅಳಿಸಿ ಮತ್ತೆ ಬರೆದೆ, ವಿಳಾಸವನ್ನು ತೆಗೆದು ಮತ್ತೆ ಸೇರಿಸಿದೆ, "ಪರೀಕ್ಷೆ 9" ರವರೆಗೆ ಹೋದೆ. ಒಂದೂವರೆ ಗಂಟೆ ಹೀಗೆ ಕಳೆದ ಮೇಲೆ ತಂಗಿಯಿಂದ ಒಂದು ಪತ್ರ ಹಾಕಿಸಿದರೆ ಅದು ಅರ್ಧ ನಿಮಿಷದೊಳಗೆ ನನ್ನ ಇನ್‌ಬಾಕ್ಸಿನಲ್ಲಿತ್ತು. ವ್ಯವಸ್ಥೆ ಮೊದಲಿನಿಂದಲೂ ಸರಿಯಾಗಿಯೇ ನಡೆಯುತ್ತಿತ್ತು. ಪ್ರತಿ ಪತ್ರಕ್ಕೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇರುತ್ತದೆ. ನಾನು ಕಳುಹಿಸಿದ ಪತ್ರವೇ ಸುತ್ತಿಕೊಂಡು ನನಗೆ ಬಂದಾಗ, ಅದೇ ಸಂಖ್ಯೆಯ ಪ್ರತಿ ಈಗಾಗಲೇ "ಕಳುಹಿಸಿದವು" ಕಡತದಲ್ಲಿರುವುದರಿಂದ ಜಿಮೇಲ್ ಅದನ್ನು ಇನ್‌ಬಾಕ್ಸಿನಲ್ಲಿ ಎರಡನೆಯ ಬಾರಿ ತೋರಿಸುವುದಿಲ್ಲ. ಪರೀಕ್ಷಾ ಪತ್ರವನ್ನು ಫಾರ್ವರ್ಡ್ ಪಟ್ಟಿಯಲ್ಲಿ ಇಲ್ಲದ ಮೂರನೆಯ ಖಾತೆಯಿಂದಲೇ ಹಾಕಬೇಕು.

ದಿನ 3 ರಿಂದ 6: ಎಲ್ಲವೂ ಎಲ್ಲರಿಗೂ

ಪ್ರಯೋಗಕ್ಕೆಂದು ಐದು ಕಡೆ ಹೊಸ ವಿಳಾಸವನ್ನು ಕೊಟ್ಟಿದ್ದೆ: ವಿದ್ಯುತ್ ಬಿಲ್, ಇಂಟರ್ನೆಟ್ ಬಿಲ್, ಮಗನ ಶಾಲೆ, ವಿಮೆ, ಮತ್ತು ಮನೆಯ ಫೋಟೊಗಳಿರುವ ಒಂದು ಆನ್‌ಲೈನ್ ಖಾತೆ. ಮನೆಯ ವಿಳಾಸಕ್ಕೆ ಬಂದದ್ದೆಲ್ಲ ನಾಲ್ವರಿಗೂ ಹೋಗಲೆಂದು ನಾಲ್ಕು ಫಿಲ್ಟರು ಹಾಕಿದೆ. ಯಾರಿಗೂ ಏನೂ ತಪ್ಪಿಹೋಗಬಾರದೆಂಬ ಆಸೆ ಅದರ ಹಿಂದಿತ್ತು.

ನಾಲ್ಕನೆಯ ದಿನ ಫೋಟೊ ಖಾತೆಯ ಪಾಸ್‌ವರ್ಡ್ ನನಗೆ ನೆನಪಾಗದೆ, ಬದಲಾಯಿಸುವ ಕೊಂಡಿಯನ್ನು ತರಿಸಿಕೊಂಡೆ. ಕೊಂಡಿ ನಾಲ್ವರಿಗೂ ಹೋಯಿತು. ನಾನು ಅದನ್ನು ತೆರೆಯುವ ಮೊದಲೇ ತಂದೆಯವರು ಪತ್ರವನ್ನು ಓದಿ, ಕೆಳಗಿದ್ದ "ಇದು ನಾನಲ್ಲ" ಎಂಬುದನ್ನು ಒತ್ತಿ, ನನಗೆ ಫೋನ್ ಮಾಡಿದರು: "ಯಾರೋ ಫೋಟೊ ಖಾತೆಗೆ ನುಗ್ಗೋಕೆ ನೋಡ್ತಿದ್ರು ಕಣೋ, ನಾನು ತಡೆದಿದೀನಿ." ಖಾತೆಗೆ ಬೀಗ ಬಿದ್ದು, ಬಿಡಿಸಿಕೊಳ್ಳಲು ಎರಡು ದಿನವಾಯಿತು. ಅವರು ಮಾಡಿದ್ದು ಸರಿಯಾದದ್ದೇ. ಅಂಥ ಪತ್ರ ಅವರವರೆಗೆ ಹೋಗುವಂತೆ ಮಾಡಿದ್ದು ನನ್ನ ತಪ್ಪು.

ಆರನೆಯ ದಿನ ಇಂಟರ್ನೆಟ್ ಬಿಲ್ ಬಂತು. ಪತ್ನಿ ಮಧ್ಯಾಹ್ನ ಕಟ್ಟಿದಳು, ನಾನು ಸಂಜೆ ಕಟ್ಟಿದೆ. ಹೆಚ್ಚಿಗೆ ಹೋದ ಹಣ ಮುಂದಿನ ಬಿಲ್ಲಿಗೆ ಜಮೆಯಾಯಿತು, ನಷ್ಟವೇನಿಲ್ಲ. ಆದರೆ ಅದೇ ದಿನ ಶಾಲೆಯಿಂದ ಬಂದಿದ್ದ, ಸಹಿ ಮಾಡಿ ಕಳುಹಿಸಬೇಕಾದ ಒಪ್ಪಿಗೆ ಪತ್ರವನ್ನು ನಾಲ್ವರೂ ಓದಿದ್ದೆವು, ನಾಲ್ವರೂ ಇನ್ನೊಬ್ಬರು ಕಳುಹಿಸಿರುತ್ತಾರೆಂದು ಸುಮ್ಮನಿದ್ದೆವು. ಒಬ್ಬರ ಇನ್‌ಬಾಕ್ಸಿನಲ್ಲಿ ಕಳೆದುಹೋಗುತ್ತಿದ್ದ ಪತ್ರ ಈಗ ನಾಲ್ವರ ಇನ್‌ಬಾಕ್ಸಿನಲ್ಲಿ ಕಳೆದುಹೋಗುವಂತೆ ಮಾಡಿದ್ದೆ. ಆ ರಾತ್ರಿಯೇ ನಾಲ್ಕೂ ಫಿಲ್ಟರುಗಳನ್ನು ಅಳಿಸಿದೆ.

ದಿನ 7: ಮೊದಲ ದಿನವೇ ಮಾಡಬೇಕಾಗಿದ್ದ ಪಟ್ಟಿ

ಗೆರೆ ಪುಸ್ತಕವನ್ನು ತೆಗೆದುಕೊಂಡು, ಕಳೆದ 12 ತಿಂಗಳಲ್ಲಿ ಐದು ಇನ್‌ಬಾಕ್ಸುಗಳಿಗೂ ಪತ್ರ ಹಾಕಿದವರನ್ನು ಒಬ್ಬೊಬ್ಬರಾಗಿ ಬರೆದೆವು. 43 ಹೆಸರುಗಳಾದವು, ಅವುಗಳಲ್ಲಿ ನಿಜವಾಗಿ ಮನೆಗೆ ಸೇರಿದವು 17 ಮಾತ್ರ. ಪ್ರತಿ ಹೆಸರಿನ ಎದುರು ಎರಡು ಕಂಬ ಎಳೆದೆವು: "ಯಾರು ಮಾಡಬೇಕು" ಮತ್ತು "ಯಾರಿಗೆ ಗೊತ್ತಿದ್ದರೆ ಸಾಕು". ಮೊದಲ ಕಂಬದಲ್ಲಿ ಒಂದೇ ಹೆಸರಿರಬೇಕು. ಎರಡನೆಯ ಕಂಬ ಬಹುತೇಕ ಖಾಲಿಯೇ ಉಳಿಯಿತು, ಏಕೆಂದರೆ ಸುಮ್ಮನೆ ತಿಳಿದುಕೊಳ್ಳಬೇಕೆನ್ನುವವರು ಪೆಟ್ಟಿಗೆಯನ್ನು ತೆರೆದು ನೋಡಬಹುದು. ಲಾಗಿನ್ ಸಂಖ್ಯೆಗಳು, ಪಾಸ್‌ವರ್ಡ್ ಬದಲಾಯಿಸುವ ಕೊಂಡಿಗಳು ಬರುವಂಥ ಖಾತೆಗಳನ್ನೂ ಹಣಕಾಸಿನ ಖಾತೆಗಳನ್ನೂ ಪಟ್ಟಿಯಿಂದಲೇ ಹೊಡೆದುಹಾಕಿ ಅವರವರ ವೈಯಕ್ತಿಕ ವಿಳಾಸದಲ್ಲೇ ಬಿಟ್ಟೆವು. ಫೋಟೊ ಖಾತೆಯನ್ನೂ ನನ್ನ ವಿಳಾಸಕ್ಕೆ ಹಿಂದಕ್ಕೆ ತಂದೆ. ಇಷ್ಟಕ್ಕೆ ಹಿಡಿದದ್ದು ಎರಡು ಗಂಟೆ.

ದಿನ 8 ಮತ್ತು 9: ಫಿಲ್ಟರುಗಳು

ಕಳುಹಿಸಿದವರ ವಿಳಾಸದ ಆಧಾರದ ಮೇಲೆ ಫಿಲ್ಟರು ಬರೆಯುವುದು ಮೊದಲ ಯೋಚನೆ. ಆದರೆ ಶಾಲೆಯೊಂದರಿಂದಲೇ ಮೂರು ಬೇರೆ ಬೇರೆ ವಿಳಾಸಗಳಿಂದ ಪತ್ರ ಬರುತ್ತಿತ್ತು. ಅದಕ್ಕಿಂತ ಗಟ್ಟಿಯಾದ ದಾರಿ ಜಿಮೇಲ್‌ನ ಪ್ಲಸ್ ಗುರುತು: ವಿಳಾಸದಲ್ಲಿ ಆಟ್ ಚಿಹ್ನೆಗೆ ಮೊದಲು ಪ್ಲಸ್ ಹಾಕಿ ಯಾವ ಪದ ಸೇರಿಸಿದರೂ ಪತ್ರ ಅದೇ ಪೆಟ್ಟಿಗೆಗೆ ಬರುತ್ತದೆ. ಶಾಲೆಗೆ ಒಂದು ಪದ, ಬಿಲ್ಲುಗಳಿಗೆ ಒಂದು, ವಿಮೆಗೆ ಒಂದು, ವಾಹನಕ್ಕೆ ಒಂದು ಎಂದು ನಾಲ್ಕು ಮಾಡಿಕೊಂಡೆವು. ಆಗ ಫಿಲ್ಟರು ಯಾರು ಕಳುಹಿಸಿದರೆಂದು ನೋಡಬೇಕಾಗಿಲ್ಲ, ಯಾವ ವಿಳಾಸಕ್ಕೆ ಬಂತೆಂದು ನೋಡಿದರೆ ಸಾಕು. ಕೆಲವು ಜಾಲತಾಣಗಳ ಅರ್ಜಿಗಳು ಪ್ಲಸ್ ಇರುವ ವಿಳಾಸವನ್ನು ಒಪ್ಪುವುದಿಲ್ಲ. ನಮ್ಮ 17 ರಲ್ಲಿ 3 ಒಪ್ಪಲಿಲ್ಲ, ಅವಕ್ಕೆ ಮಾತ್ರ ಕಳುಹಿಸುವವರ ವಿಳಾಸದ ಫಿಲ್ಟರು ಬರೆದೆ.

ಆ ಮೂರನ್ನೂ ಒಂದೇ ಫಿಲ್ಟರಿನಲ್ಲಿ ಸೇರಿಸಲು "ಅಥವಾ" ಎಂಬರ್ಥದ ಇಂಗ್ಲಿಷ್ ಪದವನ್ನು ಸಣ್ಣ ಅಕ್ಷರಗಳಲ್ಲಿ ಬರೆದೆ. ಒಂದೂ ಸಿಕ್ಕಿಬೀಳಲಿಲ್ಲ. ಅದು ದೊಡ್ಡ ಅಕ್ಷರಗಳಲ್ಲಿ ಇದ್ದರೆ ಮಾತ್ರ ಆಜ್ಞೆ, ಸಣ್ಣ ಅಕ್ಷರಗಳಲ್ಲಿದ್ದರೆ ಹುಡುಕಬೇಕಾದ ಇನ್ನೊಂದು ಪದ ಅಷ್ಟೇ. ಫಿಲ್ಟರನ್ನು ಉಳಿಸುವ ಮೊದಲು ಅದೇ ಷರತ್ತನ್ನು ಹುಡುಕಾಟದಲ್ಲಿ ಹಾಕಿ ಹಳೆಯ ಪತ್ರಗಳು ಸಿಗುತ್ತವೆಯೇ ಎಂದು ನೋಡುವ ಅಭ್ಯಾಸ ಇಲ್ಲಿಂದ ಶುರುವಾಯಿತು.

ಇನ್ನೆರಡು ಸಂಗತಿಗಳು ಪುಸ್ತಕದಲ್ಲಿ ದಪ್ಪ ಗೆರೆಯಡಿ ಇವೆ. ಫಿಲ್ಟರುಗಳಲ್ಲಿ ಮೊದಲನೆಯದು ಹಿಡಿದರೆ ಎರಡನೆಯದು ಬಿಡುತ್ತದೆ ಎಂಬ ಕ್ರಮವಿಲ್ಲ. ಷರತ್ತಿಗೆ ಹೊಂದಿದ ಫಿಲ್ಟರುಗಳೆಲ್ಲ ನಡೆಯುತ್ತವೆ. ವಾಹನದ ವಿಮೆಯ ಪತ್ರ ನನಗೂ ಪತ್ನಿಗೂ ಹೋದದ್ದು ಹೀಗೆ. ಎರಡನೆಯದಾಗಿ, ಫಾರ್ವರ್ಡ್ ಆಗುವುದು ಫಿಲ್ಟರು ಬರೆದ ನಂತರ ಬಂದ ಪತ್ರಗಳು ಮಾತ್ರ. "ಹಳೆಯ ಪತ್ರಗಳಿಗೂ ಅನ್ವಯಿಸು" ಎಂದು ಗುರುತು ಹಾಕಿದರೆ ಲೇಬಲ್ ಅಂಟುತ್ತದೆಯೇ ಹೊರತು ಹಳೆಯವು ಯಾರಿಗೂ ಹೋಗುವುದಿಲ್ಲ. ತಂಗಿ ಹಳೆಯ ಬಿಲ್ಲುಗಳಿಗಾಗಿ ಒಂದು ದಿನ ಕಾದದ್ದು ಈ ತಿಳಿವಳಿಕೆಗೆ ತೆತ್ತ ಬೆಲೆ.

ಪ್ರತಿ ಫಿಲ್ಟರಿಗೂ ಒಂದು ಲೇಬಲ್ ಕಡ್ಡಾಯ ಮಾಡಿದೆ. ಯಾವ ಲೇಬಲ್ಲೂ ಇಲ್ಲದ ಪತ್ರಗಳನ್ನು ಮಾತ್ರ ತೋರಿಸುವ ಹುಡುಕಾಟವೊಂದು ಜಿಮೇಲ್‌ನಲ್ಲಿದೆ; ವಾರಕ್ಕೊಮ್ಮೆ ಅದನ್ನು ತೆರೆದರೆ ಯಾವ ನಿಯಮಕ್ಕೂ ಸಿಗದೆ ಬಂದವು ಕಾಣುತ್ತವೆ. ಸ್ಪ್ಯಾಮ್ ಕಡತವನ್ನೂ ಅದೇ ಹೊತ್ತಿಗೆ ನೋಡುತ್ತೇನೆ, ಏಕೆಂದರೆ ಸ್ಪ್ಯಾಮ್ ಎಂದು ಗುರುತಾದ ಪತ್ರ ಫಾರ್ವರ್ಡ್ ಆಗುವುದಿಲ್ಲ.

ದಿನ 10: ಸುತ್ತು

ತಂದೆಯವರ ಖಾತೆ ಬೇರೊಂದು ಸೇವೆಯದು. ಅವರ ವೈದ್ಯಕೀಯ ಪತ್ರಗಳು ಹಳೆಯ ವಿಳಾಸಕ್ಕೇ ಬರುತ್ತಿದ್ದುದರಿಂದ, ಅಲ್ಲಿ ಬಂದದ್ದೆಲ್ಲ ಮನೆಯ ವಿಳಾಸಕ್ಕೆ ಫಾರ್ವರ್ಡ್ ಆಗುವಂತೆ ಮಾಡಿದೆ. ಇತ್ತ ಮನೆಯ ಖಾತೆಯಲ್ಲಿ, ವಿಷಯದ ಸಾಲಿನಲ್ಲಿ ವೈದ್ಯರ ಭೇಟಿಯ ಉಲ್ಲೇಖವಿದ್ದರೆ ತಂದೆಯವರಿಗೆ ಕಳುಹಿಸು ಎಂಬ ಫಿಲ್ಟರು ಮೊದಲೇ ಇತ್ತು. ಎರಡನ್ನೂ ಬರೆದವನು ನಾನೇ, ಎರಡು ದಿನದ ಅಂತರದಲ್ಲಿ, ಎರಡು ಬೇರೆ ಪರದೆಗಳಲ್ಲಿ.

ರಾತ್ರಿ 11ಕ್ಕೆ ಆಸ್ಪತ್ರೆಯಿಂದ ಭೇಟಿಯ ಸಮಯ ತಿಳಿಸುವ ಪತ್ರವೊಂದು ಬಂತು. ಬೆಳಗಾಗುವಷ್ಟರಲ್ಲಿ ಅದರ 146 ಪ್ರತಿಗಳಿದ್ದವು. ತಂದೆಯವರು ಫೋನನ್ನು ದಿಂಬಿನ ಕೆಳಗಿಟ್ಟು ಮಲಗಿದ್ದರಂತೆ. ಇಂಥ ಸುತ್ತನ್ನು ತಡೆಯುವ ಉಪಾಯ ಇಮೇಲ್ ವ್ಯವಸ್ಥೆಯಲ್ಲೇ ಇದೆ: ಪತ್ರ ಹಾದುಬಂದ ಪ್ರತಿ ಸರ್ವರೂ ತಲೆಸಾಲುಗಳಲ್ಲಿ (ಪತ್ರದ ಜೊತೆ ಸಾಗುವ ತಾಂತ್ರಿಕ ವಿವರಗಳಲ್ಲಿ) ಒಂದು ಸಾಲನ್ನು ಸೇರಿಸುತ್ತದೆ, ಆ ಸಾಲುಗಳು ಮಿತಿ ಮೀರಿದರೆ ಪತ್ರವನ್ನು ತಿರಸ್ಕರಿಸಬಹುದು, ಇಮೇಲ್ ಸಾಗಿಸುವ ಕ್ರಮವನ್ನು ಹೇಳುವ 2008ರ ಎಸ್‌ಎಂಟಿಪಿ ನಿಯಮಾವಳಿ ಆ ಮಿತಿ ಸಾಮಾನ್ಯವಾಗಿ ಕನಿಷ್ಠ 100 ಇರಲಿ ಎನ್ನುತ್ತದೆ. ಆದರೆ ತಂದೆಯವರ ಕಡೆಯ ನಿಯಮ ಪ್ರತಿ ಬಾರಿಯೂ ಹಳೆಯದನ್ನು ಒಳಗಿಟ್ಟು ಹೊಸದೇ ಪತ್ರವೊಂದನ್ನು ಹುಟ್ಟಿಸುತ್ತಿದ್ದುದರಿಂದ ಎಣಿಕೆ ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತಿತ್ತು.

ಆ ಸೇವೆಯಲ್ಲಿ ಫಾರ್ವರ್ಡ್ ಅಲ್ಲದೆ ರೀಡೈರೆಕ್ಟ್ ಎಂಬ ಇನ್ನೊಂದು ಆಯ್ಕೆ ಇತ್ತು. ಫಾರ್ವರ್ಡ್ ಮಾಡಿದರೆ ಕಳುಹಿಸಿದವರ ಜಾಗದಲ್ಲಿ ತಂದೆಯವರ ಹೆಸರು ಬರುತ್ತದೆ, ರೀಡೈರೆಕ್ಟ್ ಮಾಡಿದರೆ ಮೂಲ ಕಳುಹಿಸುಗರ ಹೆಸರೇ ಉಳಿಯುತ್ತದೆ. ಅದಕ್ಕೆ ಬದಲಾಯಿಸಿದೆ, ತಂದೆಯವರತ್ತ ಹೋಗುವ ಫಿಲ್ಟರನ್ನು ಅಳಿಸಿಯೇಬಿಟ್ಟೆ. ಅವರ ಪತ್ರ ಅವರಿಗೆ ಮೊದಲೇ ಸಿಕ್ಕಿರುತ್ತದೆ, ಮನೆಯ ಖಾತೆಗೆ ಒಂದು ಪ್ರತಿ ಬಂದರೆ ಸಾಕು. ಎರಡು ಖಾತೆಗಳ ನಡುವೆ ಪತ್ರ ಒಂದೇ ದಿಕ್ಕಿನಲ್ಲಿ ಹೋಗಬೇಕು. ಎರಡನೆಯ ದಿನ 40 ನಿಮಿಷ ಹಿಡಿದು ಒತ್ತಿಸಿದ ಆ ಕೊಂಡಿ ಈಗ ಯಾವ ಉಪಯೋಗಕ್ಕೂ ಇಲ್ಲವೆಂಬುದನ್ನು ಅವರಿಗೆ ಇನ್ನೂ ಹೇಳಿಲ್ಲ.

ದಿನ 12: ತಂಗಿಯ ಸ್ಪ್ಯಾಮ್

ವಿದ್ಯುತ್ ಬಿಲ್ ತಂಗಿಯ ಹೊಣೆ. ಪೆಟ್ಟಿಗೆಗೆ ಬಂದಿತ್ತು, ಫಾರ್ವರ್ಡ್ ಕೂಡ ಆಗಿತ್ತು, ಅವಳಲ್ಲಿ ಸಿಕ್ಕಿದ್ದು ಸ್ಪ್ಯಾಮ್‌ನಲ್ಲಿ. ಅವಳ ಖಾತೆಯಲ್ಲಿ ಪತ್ರದ ಮೂಲ ತಲೆಸಾಲುಗಳನ್ನು ತೆರೆದು ನೋಡಿದಾಗ ಮೂರು ಪರೀಕ್ಷೆಗಳ ಫಲಿತಾಂಶ ಸಾಲಾಗಿತ್ತು: ಎಸ್‌ಪಿಎಫ್ ಪಾಸ್, ಡಿಕಿಮ್ ಇಲ್ಲ, ಡಿಮಾರ್ಕ್ ಫೇಲ್. ಲಕೋಟೆಯ ಮೇಲಿನ ವಿಳಾಸದ ಪರವಾಗಿ ಕಳುಹಿಸಲು ಆ ಸರ್ವರಿಗೆ ಅನುಮತಿ ಇದೆಯೇ ಎಂದು ನೋಡುವುದು ಎಸ್‌ಪಿಎಫ್, ಕಳುಹಿಸಿದವರ ಡಿಜಿಟಲ್ ಸಹಿಯನ್ನು ನೋಡುವುದು ಡಿಕಿಮ್, ಪತ್ರದೊಳಗಿನ ಕಳುಹಿಸುಗರ ಹೆಸರು ಇವೆರಡರಲ್ಲಿ ಒಂದರೊಂದಿಗಾದರೂ ತಾಳೆಯಾಗುತ್ತದೆಯೇ ಎಂದು ನೋಡುವುದು ಡಿಮಾರ್ಕ್. ಫಾರ್ವರ್ಡ್ ಮಾಡುವಾಗ ಲಕೋಟೆಯ ಮೇಲಿನ ಕಳುಹಿಸುಗರ ವಿಳಾಸ ನಮ್ಮ ಮನೆಯದಾಗುತ್ತದೆ, ಒಳಗಿನ ಪತ್ರದಲ್ಲಿ ಬಿಲ್ ಕಳುಹಿಸಿದವರ ಹೆಸರೇ ಇರುತ್ತದೆ, ಎರಡೂ ತಾಳೆಯಾಗುವುದಿಲ್ಲ. ಮೂಲ ಪತ್ರಕ್ಕೆ ಡಿಕಿಮ್ ಸಹಿ ಇದ್ದಿದ್ದರೆ ಅದು ಫಾರ್ವರ್ಡ್ ಆದರೂ ಉಳಿದು ಕೆಲಸ ನಡೆಸಿಕೊಡುತ್ತಿತ್ತು, ಈ ಪತ್ರಕ್ಕೆ ಆ ಸಹಿ ಇರಲಿಲ್ಲ. ನಮ್ಮ ಕಡೆಯಿಂದ ಸರಿಪಡಿಸುವಂಥದ್ದೇನೂ ಇಲ್ಲದ್ದರಿಂದ, ತಂಗಿಯ ಖಾತೆಯಲ್ಲಿ ಆ ಕಳುಹಿಸುಗರನ್ನು ನಂಬಿಕೆಯ ಪಟ್ಟಿಗೆ ಸೇರಿಸಿದೆವು. ನಂತರದ ಎರಡು ಪತ್ರಗಳು ಇನ್‌ಬಾಕ್ಸಿಗೇ ಬಂದಿವೆ.

ದಿನ 13: ಉತ್ತರ ಎಲ್ಲಿಂದ ಹೋಗುತ್ತದೆ

ಪತ್ನಿ ಶಾಲೆಯ ಪತ್ರಕ್ಕೆ ತನ್ನ ಇನ್‌ಬಾಕ್ಸಿನಿಂದಲೇ ಉತ್ತರ ಬರೆದಳು. ಉತ್ತರ ಅವಳ ವೈಯಕ್ತಿಕ ವಿಳಾಸದಿಂದ ಹೋಯಿತು, ಅಲ್ಲಿಂದಾಚೆಗಿನ ಮಾತುಕತೆಯೆಲ್ಲ ಆ ವಿಳಾಸಕ್ಕೇ ಬರತೊಡಗಿತು, ಮನೆಯ ಪೆಟ್ಟಿಗೆಯಲ್ಲಿ ಮೊದಲ ಪತ್ರವೊಂದೇ ಉಳಿಯಿತು. ಇದಕ್ಕೆ ಜಿಮೇಲ್‌ನ ಡೆಲಿಗೇಟ್ ಸೌಲಭ್ಯವನ್ನು ಬಳಸಿದೆವು: ಮನೆಯ ಖಾತೆ ನನ್ನನ್ನೂ ಪತ್ನಿಯನ್ನೂ ಪ್ರತಿನಿಧಿಗಳೆಂದು ಒಪ್ಪಿಕೊಂಡರೆ, ಪಾಸ್‌ವರ್ಡ್ ಇಲ್ಲದೆ ನಮ್ಮ ಖಾತೆಯಿಂದಲೇ ಆ ಪೆಟ್ಟಿಗೆಯನ್ನು ತೆರೆದು, ಆ ವಿಳಾಸದಿಂದ ಉತ್ತರಿಸಬಹುದು, ಪಾಸ್‌ವರ್ಡ್ ಬದಲಾಯಿಸುವ ಅಧಿಕಾರ ಮಾತ್ರ ಪ್ರತಿನಿಧಿಗೆ ಇಲ್ಲ. ಆಹ್ವಾನವನ್ನು ಒಪ್ಪಿದ ಮೇಲೂ ಜಾರಿಯಾಗಲು ಸ್ವಲ್ಪ ಸಮಯ ಹಿಡಿಯುತ್ತದೆ, ನಮಗೆ ಮರುದಿನ ಬೆಳಿಗ್ಗೆ ಸಿಕ್ಕಿತು. ತಂದೆಯವರೂ ತಂಗಿಯೂ ಬೇರೆ ಸೇವೆಗಳಲ್ಲಿರುವುದರಿಂದ ಅವರಿಗೆ ಇದು ಸಿಗದು. ಅವರು ನಮ್ಮಿಬ್ಬರಲ್ಲಿ ಒಬ್ಬರಿಗೆ ಫೋನ್ ಮಾಡುತ್ತಾರೆ. ಕೆಲಸ ಮುಗಿಸಿದವರು ಪತ್ರಕ್ಕೆ "ಆಯಿತು" ಎಂಬ ಲೇಬಲ್ ಹಾಕಬೇಕೆಂದು ಒಪ್ಪಂದವಾಗಿದೆ. ಇಂಟರ್ನೆಟ್ ಬಿಲ್ ಆಮೇಲೆ ಎರಡು ಬಾರಿ ಕಟ್ಟಿಲ್ಲ.

ದಿನ 14 ರಿಂದ 16: ಎಲ್ಲೆಡೆ ವಿಳಾಸ ಬದಲಾಯಿಸಿದ್ದು

ಬೇಸರದ ಕೆಲಸ, ಬರೆಯುವಂಥದ್ದು ಕಡಿಮೆ. 17ರಲ್ಲಿ 13 ಕಡೆ ಹೊಸ ವಿಳಾಸ ದಾಖಲಾಯಿತು. ಹಲವು ಕಡೆ ಹಳೆಯ ವಿಳಾಸಕ್ಕೆ ಬರುವ ಸಂಖ್ಯೆಯನ್ನು ಹಾಕಿದ ಮೇಲೆಯೇ ಹೊಸದನ್ನು ಒಪ್ಪುತ್ತಾರೆ, ಆದ್ದರಿಂದ ಹಳೆಯ ಖಾತೆಗಳನ್ನು ಮುಚ್ಚುವ ಅವಸರ ಬೇಡ. ಕೊನೆಯಲ್ಲಿ ಫಿಲ್ಟರುಗಳನ್ನೆಲ್ಲ ಎಕ್ಸ್‌ಎಂಎಲ್ ಕಡತವಾಗಿ ರಫ್ತು ಮಾಡಿ ಇಬ್ಬರ ಕಂಪ್ಯೂಟರಿನಲ್ಲೂ ಇಟ್ಟೆವು. ಒಟ್ಟು 9 ಫಿಲ್ಟರು, ನಾಲ್ಕು ಲೇಬಲ್ ಮತ್ತು "ಆಯಿತು".

ಉಳಿದ ನಾಲ್ಕರಲ್ಲಿ ಮೂರಕ್ಕೆ ಖುದ್ದಾಗಿ ಹೋಗಿ ಅರ್ಜಿ ಕೊಡಬೇಕು. ನಾಲ್ಕನೆಯದು ಎಲ್ಲಕ್ಕೂ ಕಾರಣವಾದ ಆ ವಾಹನ ವಿಮೆ: ವಿಮೆಯ ಖಾತೆಯಲ್ಲಿ ಹೊಸ ವಿಳಾಸ ದಾಖಲಾಗಿದೆ, ಆದರೆ ನವೀಕರಣದ ಸೂಚನೆಯ ವಿಳಾಸವನ್ನು ಮುಂದಿನ ನವೀಕರಣದ ಅರ್ಜಿಯಲ್ಲಷ್ಟೇ ಬದಲಾಯಿಸಲು ಸಾಧ್ಯವಂತೆ. ಅಲ್ಲಿಯವರೆಗೆ ಪತ್ನಿಯ ಹಳೆಯ ಇನ್‌ಬಾಕ್ಸಿನಿಂದ ಮನೆಯ ವಿಳಾಸಕ್ಕೆ ಆ ಒಂದು ಕಳುಹಿಸುಗರ ಪತ್ರಗಳನ್ನು ಕಳುಹಿಸುವ ಫಿಲ್ಟರು ನಡೆಯುತ್ತಿರುತ್ತದೆ, ಗೆರೆ ಪುಸ್ತಕದಲ್ಲಿ ಅದರ ಎದುರು ಗುರುತು ಹಾಕದೆ ಬಿಟ್ಟಿದ್ದೇನೆ.